ಔಷಧ ಇಳಿಯುವುದನ್ನು ಒಳಗಿನಿಂದ ನೋಡಿದೆ

ಆಪರೇಷನ್ ಆದ ಐದನೆಯ ದಿನ ಮುಂಜಾನೆ ಹಾಲು ಉಕ್ಕಿದ್ದು ನನಗೆ ಕಾಣಲಿಲ್ಲ. ಒಲೆಯ ಮುಂದೆಯೇ ನಿಂತಿದ್ದೆ. ಸೀದ ವಾಸನೆ ಬಂದ ಮೇಲೆ ಗೊತ್ತಾಯಿತು.

ಎಡಗಣ್ಣಿನ ಪೊರೆ ತೆಗೆಸಿದ್ದೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಕರಿ ಕನ್ನಡಕ ಹಾಕಿಕೊಂಡು ಹದಿನೈದು ದಿನ ಕಟ್ಟೆಯ ಮೇಲೆ ಕೂತು, ಆಮೇಲೆ ಎಂದಿನಂತೆ ಸಂತೆಗೆ ಹೋದವರು ಏಳೆಂಟು ಮಂದಿಯಾದರೂ ಇದ್ದಾರೆ. ನನಗೂ ಮರುದಿನ ಪಟ್ಟಿ ಬಿಚ್ಚಿದಾಗ ಎಲ್ಲ ಚೆನ್ನಾಗಿತ್ತು. ಅಡುಗೆಮನೆಯ ಗೋಡೆ ಬೆಳ್ಳಗಿದೆ ಎಂದು ಅವತ್ತು ತಿಳಿಯಿತು. ಇಷ್ಟು ವರ್ಷ ಅದನ್ನು ಕೆನೆಯ ಬಣ್ಣದ ಗೋಡೆ ಎಂದುಕೊಂಡಿದ್ದೆ. ಆ ನಾಲ್ಕು ದಿನ ಮನೆಯಲ್ಲಿದ್ದ ಒಂದೊಂದು ಡಬ್ಬಿಯನ್ನೂ ಎತ್ತಿ ಎತ್ತಿ ನೋಡಿದೆ. ಸೊಸೆ ಶೈಲಾ ನಗುತ್ತಿದ್ದಳು.

ಐದನೆಯ ದಿನ ಎಲ್ಲ ಮಸುಕಾಯಿತು. ನೂಲಿಗೆ ಹಚ್ಚುವ ಗಂಜಿಯನ್ನು ಯಾರೋ ಕಣ್ಣೊಳಗೆ ಬಳಿದ ಹಾಗೆ. ಹುಬ್ಬಿನ ಹಿಂದೆ ಒಂದು ನೋವು ಕೂತಿತ್ತು. ಆಪರೇಷನ್ ಆದ ದಿನವೂ ಅಂಥ ನೋವು ಇರಲಿಲ್ಲ.

ಯಾರಿಗೂ ಹೇಳಲಿಲ್ಲ.

ಯಾಕೆ ಎಂದು ಆಮೇಲೆ ಎಲ್ಲರೂ ಕೇಳಿದರು. ನಮ್ಮ ಯಜಮಾನರು ಕೈಮಗ್ಗದವರು. ಅವತ್ತು ಸೆರಗು ಕೂಡಿಸುವ ದಿನ. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದದ ನೂಲು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದಕ್ಕೊಂದು ಸಿಕ್ಕಿಸಿ ಕೂಡಿಸಬೇಕು. ಆ ಕೆಲಸಕ್ಕೆ ಕೂತ ಗಂಡಸನ್ನು ನಮ್ಮ ಮನೆಗಳಲ್ಲಿ ಊಟಕ್ಕೆ ಕರೆಯುವುದಕ್ಕೂ ಹೆಂಗಸರು ಹಿಂದೆಮುಂದೆ ನೋಡುತ್ತೇವೆ. ಅತ್ತೆ ಹಾಗೆ ಕಲಿಸಿದ್ದರು. ನಾನೂ ಶೈಲಾಳಿಗೆ ಹಾಗೇ ಕಲಿಸಿದ್ದೇನೆ. ನಾಳೆ ಹೇಳಿದರಾಯಿತು ಎಂದು ಸುಮ್ಮನಾದೆ.

ಮರುದಿನ ಚಹಾ ಕೊಡಲು ಬಂದ ಶೈಲಾ ನನ್ನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದಳು.

“ಅತ್ತೀ, ಕಣ್ಣು ಕೆಂಡ ಆಗೇತಲ್ರಿ! ಕರಿ ಗುಡ್ಡಿ ಕೆಳಗ ಬೆಳ್ಳನ್ನ ಗೆರಿ ಏನದು? ಯಾವಾಗಿಂದ ಹಿಂಗೈತಿ?”

“ನಿನ್ನೆ ಮುಂಜಾನಿಂದ.”

“ನಿನ್ನೇನ ಹೇಳಾಕ ಏನಾಗಿತ್ರಿ?”

“ನಿಮ್ಮ ಮಾವ ಸೆರಗಿಗೆ ಕುಂತಿದ್ರಲ್ಲವಾ.”

“ಸೆರಗು ನಾಳೆ ಕೂಡಿಸಿದ್ರೂ ನಡೀತೈತ್ರಿ!” ಎಂದವಳು ಮಗ್ಗದ ಕೋಣೆಗೆ ನಡೆದು, ಜೀವನದಲ್ಲಿ ಮೊದಲ ಸಲ ಮಾವನ ಮೇಲೆ ದನಿ ಎತ್ತಿದಳು. “ಮಾವಾರ, ಏಳ್ರಿ ಮೊದಲ!”

ಆಪರೇಷನ್ ಮಾಡಿದ್ದ ಡಾಕ್ಟರು ಕಣ್ಣು ನೋಡಿದವರೇ ಫೋನು ಎತ್ತಿದರು. ಯಾರ ಜೊತೆಗೋ ಇಂಗ್ಲಿಷಿನಲ್ಲಿ ಮಾತಾಡಿ ನಮ್ಮ ಕಡೆ ತಿರುಗಿದರು. “ಕಣ್ಣೊಳಗ ಇನ್‌ಫೆಕ್ಷನ್ ಆದಂಗೈತಿ. ಈಗಿಂದೀಗ ಬಾಗಲಕೋಟಿಗೆ ಹೋಗ್ರಿ. ಅಲ್ಲೆ ರೆಟಿನಾ ಡಾಕ್ಟರ್‌ಗೆ ಹೇಳೇನಿ. ದಾರ್‍ಯಾಗ ಊಟಕ್ಕೂ ನಿಲ್ಲಬ್ಯಾಡ್ರಿ.”

ಪಕ್ಕದ ಮನೆಯ ಹಸನಸಾಬರು ತಮ್ಮ ಅಂಗಡಿ ಬಾಗಿಲು ಅರ್ಧ ತೆರೆದವರು ಹಾಗೇ ಮುಚ್ಚಿ ಕಾರು ತೆಗೆದರು. ಇದು ಮೊದಲನೆಯ ಕೃಪೆ. ಆ ದಿನಗಳಲ್ಲಿ ನಾನು ಕೃಪೆಗಳನ್ನು ಎಣಿಸಲು ಕಲಿತೆ. ಬೇರೆ ಏನು ಮಾಡುವುದೂ ನನ್ನ ಕೈಯಲ್ಲಿ ಇರಲಿಲ್ಲ. ಹುನಗುಂದ ದಾಟುವವರೆಗೂ ಬಲಗಣ್ಣನ್ನು ಮುಚ್ಚಿ ಮುಚ್ಚಿ ಎಡಗಣ್ಣನ್ನು ಪರೀಕ್ಷೆ ಮಾಡುತ್ತಿದ್ದೆ. ಕಿಟಕಿ ಇರುವ ಕಡೆ ಬೆಳಕು. ಅದರಾಚೆ ಏನೂ ಇಲ್ಲ. ಯಜಮಾನರು ನನ್ನ ಕೈ ಹಿಡಿದು ಕೆಳಗಿಳಿಸಿದರು.

“ಅದನ್ನ ಬಿಡು. ಇದ್ದಿದ್ದು ಎಲ್ಲಿಗೂ ಹೋಗಂಗಿಲ್ಲ.”

ಅವರ ಕೈ ತಣ್ಣಗಿತ್ತು.

ಬಾಗಲಕೋಟೆಯ ಡಾಕ್ಟರ್ ನನ್ನ ಮಗಳ ವಯಸ್ಸಿನ ಹುಡುಗಿ. ಅವಳು ಬೆರಳು ತೋರಿಸಿದಳು. ಕಾಣಲಿಲ್ಲ. ಇನ್ನೂ ಹತ್ತಿರ ತಂದಳು. ಕಾಣಲಿಲ್ಲ.

“ಈಗ ಕೈ ಆಡಸಾಕತ್ತೇನ್ರಿ ಅಮ್ಮಾರ. ಏನರ ಗೊತ್ತಾಗತೈತಿ?”

“ಏನೋ ಅಲ್ಲಾಡಿದಂಗ ಆತ್ರಿ.”

“ಸಾಕು. ಅಷ್ಟ ಬೇಕಿತ್ತು ನನಗ.”

ಕೈ ಆಡಿದ್ದು ಕಂಡಿದ್ದರಿಂದ ಮೊದಲು ಇಂಜೆಕ್ಷನ್ ಕೊಟ್ಟು ನೋಡಬಹುದು ಎಂದಳು. ಬರೀ ಬೆಳಕು ಮಾತ್ರ ತಿಳಿಯುವಂತಿದ್ದರೆ ನೇರ ವಿಟ್ರೆಕ್ಟಮಿ ಎಂಬ ದೊಡ್ಡ ಆಪರೇಷನ್ನಿಗೇ ಹೋಗಬೇಕಿತ್ತಂತೆ. ಕಣ್ಣ ಮುಂದೆ ಒಂದು ನೆರಳು ಅಲ್ಲಾಡಿದ್ದಕ್ಕೆ ಮನುಷ್ಯರು ಇಷ್ಟು ಸಂತೋಷ ಪಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಕೃಪೆ.

ಕಾಯಿಲೆಯ ಹೆಸರು ಎಂಡಾಫ್ಥಲ್ಮೈಟಿಸ್. ಆಪರೇಷನ್ ಆದ ಕಣ್ಣಿನೊಳಗೆ ಬ್ಯಾಕ್ಟೀರಿಯಾ ಸೇರಿ ಬೆಳೆಯುವುದು. ಸಾವಿರಾರು ಜನರಲ್ಲಿ ಎಲ್ಲೋ ಒಬ್ಬರಿಗೆ ಆಗುತ್ತದೆ ಎಂದಳು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಹಾಕುವ ಮುಂಚೆ ನೇರವಾಗಿ ಹೇಳಿದಳು.

ಕಣ್ಣು ಹೋಗಬಹುದು.

ಯಜಮಾನರು ಪೆನ್ನು ಹಿಡಿದುಕೊಂಡೇ ಕೇಳಿದರು. “ಅಲ್ರಿ ಡಾಕ್ಟರ್, ಕಣ್ಣಾಗ ಯಾಕ ಚುಚ್ಚತೀರಿ? ಗುಳಗಿ ಕೊಡ್ರಿ. ಸಲಾಯಿನ್ ಹಚ್ಚರಿ, ಎಷ್ಟು ಬಾಟ್ಲಿ ಬೇಕಾದ್ರೂ.”

“ರಕ್ತದಾಗ ಹಾಕಿದ ಔಷಧ ಕಣ್ಣೊಳಗ ಬೇಕಾದಷ್ಟು ಹೋಗಂಗಿಲ್ರಿ ಅಪ್ಪಾರ. ದೇವರು ಕಣ್ಣಿಗೆ ಅಂಥಾ ಕಾವಲು ಇಟ್ಟಾನ. ಹುಳ ಒಳಗ ಹೋಗಿ ಕುಂತಾವ. ನಾವೂ ಒಳಗ ಹೋಗಬೇಕು.”

“ಎಷ್ಟು ಔಷಧ ಹಾಕತೀರಿ?”

“ಎರಡು ಥರದ್ದು. ಒಂದೊಂದು ಎರಡೆರಡು ಹನಿ.”

“ಅಷ್ಟ?”

“ಅಷ್ಟ. ಅದರಾಗಿರೋ ಮದ್ದು ಒಂದು ಚಿಟಿಗಿ ಉಪ್ಪಿಗಿಂತ ಭಾಳ ಕಡಿಮಿ. ಹೆಚ್ಚಾದ್ರ ಅದ ಕಣ್ಣು ಸುಡತೈತಿ.”

ನಾಲ್ವತ್ತು ವರ್ಷ ಅಡುಗೆ ಮಾಡಿದವಳು ನಾನು. ಚಿಟಿಕೆ ಎಂದರೇನು ಎಂದು ಬಲ್ಲೆ. ಚಿಟಿಕೆಗಿಂತ ಕಡಿಮೆಯನ್ನು ಅಳೆಯುವ ಕೈ ಯಾವುದಿರಬಹುದು ಎಂದು ಯೋಚಿಸುತ್ತಲೇ ಒಳಗೆ ಹೋದೆ.

ಕಣ್ಣು ಮರಗಟ್ಟಿಸಿದರು. ನಾನು ಓಂ ನಮಃ ಶಿವಾಯ ಎನ್ನುತ್ತಿದ್ದೆ. ಮೊದಲು ಸೂಜಿಯಿಂದ ಕಣ್ಣೊಳಗಿನ ನೀರನ್ನು ತುಸು ಎಳೆದುಕೊಂಡರು, ಯಾವ ಹುಳ ಎಂದು ಕಲ್ಚರ್ ಮಾಡಲು. ಆಮೇಲೆ ಎರಡು ಇಂಜೆಕ್ಷನ್. ಯಾರೋ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಷ್ಟೇ ಗೊತ್ತಾಯಿತು. ಕಂಡದ್ದು ಮಾತ್ರ ಏನೂ ಇಲ್ಲ. ಗಂಜಿಯೊಳಗೆ ಗಂಜಿ. ವ್ಯಾಂಕೊಮೈಸಿನ್, ಸೆಫ್ಟಾಜಿಡಿಮ್ ಎಂದು ಸಿಸ್ಟರ್ ಬರೆದುಕೊಳ್ಳುತ್ತ ಉಚ್ಚರಿಸಿದ ಹೆಸರುಗಳನ್ನು ಅಲ್ಲೇ ಬಾಯಿಪಾಠ ಮಾಡಿದೆ. ನನ್ನ ಕಣ್ಣೊಳಗೆ ಹೋದವರ ಹೆಸರು ನನಗೆ ಗೊತ್ತಿರಬೇಕಲ್ಲ.

ಅಡ್ಮಿಟ್ ಮಾಡಿಕೊಂಡರು. ಗಂಟೆಗೊಮ್ಮೆ ಎರಡು ಬಗೆಯ ಡ್ರಾಪ್ಸ್. ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು. ಶೈಲಾ ಮೊದಲ ಸಲ ಹಾಕಿದಾಗ ಹನಿ ಕೆನ್ನೆಗೆ ಬಿತ್ತು. ಎರಡನೆಯದು ಮೂಗಿಗೆ. ಯಜಮಾನರು ಸೀಸೆಯನ್ನು ಅವಳ ಕೈಯಿಂದ ತೆಗೆದುಕೊಂಡರು. ಕೈ ತೊಳೆದು ಬಂದು, ನನ್ನ ಕೆಳಗಿನ ರೆಪ್ಪೆಯನ್ನು ಒಂದು ಬೆರಳಿನಿಂದ ಇಷ್ಟೇ ಇಷ್ಟು ಎಳೆದು, ಹನಿ ಬಿಟ್ಟರು. ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಎಳೆಗೆ ಎಳೆ ಸಿಕ್ಕಿಸುವ ಕೈ ಅದು. ಮದುವೆಯಾಗಿ ಮೂವತ್ತೆಂಟು ವರ್ಷ, ಈ ಮನುಷ್ಯ ನನಗೊಂದು ತಂಬಿಗೆ ನೀರು ತಂದುಕೊಟ್ಟ ನೆನಪಿಲ್ಲ. ಈಗ ಗಂಟೆಗೊಮ್ಮೆ ಬರುತ್ತಿದ್ದರು. ಗಡಿಯಾರ ಗಂಟೆ ಮುಟ್ಟುವ ಮುಂಚೆಯೇ ಅವರ ಚಪ್ಪಲಿಯ ಸಪ್ಪಳ ಕೇಳುತ್ತಿತ್ತು.

ಪಕ್ಕದ ಹಾಸಿಗೆಯಲ್ಲಿ ಕಲಾದಗಿಯ ಬೀಬಿಜಾನ್ ಇದ್ದರು. ಅವರದೂ ಇದೇ ಕಾಯಿಲೆ. ಆಪರೇಷನ್ ಆದಮೇಲೆ ನೋವು ಇರುವುದೇ ಎಂದುಕೊಂಡು ಹತ್ತು ದಿನ ಸಹಿಸಿದ್ದರು. ಕಣ್ಣಿನ ಗುಡ್ಡೆ ಉಳಿದಿತ್ತು. ದೃಷ್ಟಿ ಉಳಿದಿರಲಿಲ್ಲ. ಅದನ್ನು ಅವರೇ ಹೇಳಿದರು.

“ಒಂದು ಹೋತವ್ವಾ. ಇರ್ಲಿ ಬಿಡು. ಸೊಸೀ ತಪ್ಪು ಹುಡುಕಾಕ ಒಂದು ಕಣ್ಣು ಬೇಕಾದಷ್ಟಾತು.”

ಶೈಲಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬೀಬಿಜಾನ್ ನನ್ನ ಕಡೆ ಬಗ್ಗಿ, “ನೀ ಎಷ್ಟು ದಿನಕ್ಕ ಬಂದಿ?” ಎಂದರು. ಒಂದು ದಿನ ತಡ ಮಾಡಿದೆ ಎಂದೆ. “ಒಂದ ದಿನಾ?” ಎಂದವರು ಚೀಲದಿಂದ ಒಂದು ದಾಳಿಂಬೆ ತೆಗೆದು, ನೋಡದೆಯೇ ಬಿಡಿಸಿ, ಕಾಳುಗಳನ್ನು ನನ್ನ ಅಂಗೈಗೆ ಸುರಿದರು.

ನನ್ನ ಸೊಸೆಯ ದನಿಗೂ ಅವರ ಹತ್ತು ದಿನಕ್ಕೂ ನಡುವೆ ನನ್ನ ಕಣ್ಣು ನಿಂತಿತ್ತು. ಅವಳು ಅವತ್ತು ದನಿ ಎತ್ತದಿದ್ದರೆ ನಾನೂ ಹಾಗೇ ಸಹಿಸುತ್ತ ಕೂರುತ್ತಿದ್ದೆ.

ಎರಡನೆಯ ದಿನ ಸಿಸ್ಟರನ್ನು ಕೇಳಿ ಹಾಸಿಗೆಯ ಮೇಲೆಯೇ ಪೂಜೆಗೆ ಕೂತೆ. ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡೆ. ಕಣ್ಣಿನ ಮೇಲೆ ತೂತುಗಳಿರುವ ಪ್ಲಾಸ್ಟಿಕ್ ಶೀಲ್ಡ್ ಅಂಟಿಸಿದ್ದರು. ಶೈಲಾ ಪುಟ್ಟ ಬಟ್ಟಲಲ್ಲಿ ನೀರು ಕೊಟ್ಟಳು. ಲಿಂಗಕ್ಕೆ ಎರೆದೆ. ತೀರ್ಥ ತೆಗೆದುಕೊಂಡೆ. ಒದ್ದೆ ಕೈ ತನ್ನಷ್ಟಕ್ಕೆ ತಾನೇ ಮೇಲೆದ್ದು ಕಣ್ಣಿಗೆ ಹೋಯಿತು.

ಟಕ್ ಎಂದು ಶೀಲ್ಡಿಗೆ ತಾಗಿತು.

ಕೈ ಅಲ್ಲೇ ನಿಂತಿತು.

ತೀರ್ಥ ತೆಗೆದುಕೊಂಡ ಮೇಲೆ ಕೈಯಲ್ಲುಳಿದ ಪಸೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ತಲೆಗೆ ಸವರಿಕೊಳ್ಳುವುದು ನನಗೆ ಲಿಂಗಧಾರಣೆಯಾದ ದಿನದಿಂದ ಬಂದ ರೂಢಿ. ಅದನ್ನು ಮಾಡುತ್ತೇನೆ ಎಂಬ ಅರಿವೂ ಇಲ್ಲದೆ ಮಾಡುತ್ತೇನೆ. ಕಣ್ಣಿಗೆ ನೀರು ತಾಗಬಾರದು ಎಂದಿದ್ದಕ್ಕೆ ಆಪರೇಷನ್ ಆದಮೇಲೆ ತಲೆಗೆ ಎರೆದುಕೊಂಡಿರಲಿಲ್ಲ, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದೆ, ಒಗ್ಗರಣೆಯ ಹೊಗೆಯಿಂದ ದೂರ ನಿಲ್ಲುತ್ತಿದ್ದೆ. ಇಷ್ಟೆಲ್ಲ ಮಾಡಿದವಳು ದಿನಾ ಮುಂಜಾನೆ ಕರಿ ಕನ್ನಡಕ ತೆಗೆದಿಟ್ಟು ಪೂಜೆಗೆ ಕೂತು, ನನ್ನ ಕೈಯಿಂದಲೇ ಹಸಿ ಗಾಯದ ಕಣ್ಣಿಗೆ ನೀರು ಒತ್ತಿಕೊಂಡಿದ್ದೆ. ನಾಲ್ಕು ದಿನ. ಐದನೆಯ ದಿನವೂ, ಮಸುಕು ಹೋಗಲಿ ಎಂದು ಬೇಡಿಕೊಂಡು, ಇನ್ನಷ್ಟು ಗಟ್ಟಿಯಾಗಿ.

ನಾನು ಬಂದ ದಿನವೇ ಡಾಕ್ಟರ್ ಕೇಳಿದ್ದಳು, ನೀರು ತಾಗಿತ್ತೇ ಎಂದು. ಇಲ್ಲ ಎಂದಿದ್ದೆ. ಸುಳ್ಳು ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಈಗ ಗೊತ್ತಾಗಿತ್ತು. ಹೇಳುವುದೋ ಬಿಡುವುದೋ? ಹೇಳಿದರೆ ಯಜಮಾನರ ಮುಂದೆ, ಸೊಸೆಯ ಮುಂದೆ, ಬೀಬಿಜಾನರ ಮುಂದೆ ನನ್ನ ಪೂಜೆಯೇ ನನ್ನ ಕಣ್ಣು ಕಳೆಯಿತು ಎಂದಾಗುತ್ತದೆ. ಮುಚ್ಚಿಟ್ಟರೆ, ಔಷಧ ಕೊಡುವವಳಿಗೆ ಬೇಕಾದ ಮಾತನ್ನು ನಾನು ತಿಂದುಹಾಕಿದಂತೆ. ರೌಂಡ್ಸಿಗೆ ಬರುವ ಹೊತ್ತಿನವರೆಗೆ ಲಿಂಗವನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಅವಳು ಬಂದ ತಕ್ಷಣ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಡಾಕ್ಟರ್ ಮಾತಾಡುವ ಮುಂಚೆ ಯಜಮಾನರು ಮಾತಾಡಿದರು.

“ಮೂವತ್ತೆಂಟು ವರ್ಷದಿಂದ ನೋಡಾಕತ್ತೇನಿ, ಆ ಕೈ ಅಲ್ಲಿಗೆ ಹೋಗೂದನ್ನ. ಇಕಿಗೆ ನೆನಪಾಗ್ಲಿಲ್ಲಂದ್ರ ನಾನರ ಹೇಳಬೇಕಿತ್ತಿಲ್ಲ? ನನ್ನ ಎದುರಿಗೇ ಒತ್ತಿಕೊಂಡಾಳ. ನಾ ಮಗ್ಗದ ಲಾಳಿ ನೋಡಕೋಂತ ಕುಂತಿದ್ದೆ.”

ಡಾಕ್ಟರ್ ಮಂಚದ ಅಂಚಿಗೆ ಕೂತಳು. “ಇಬ್ಬರೂ ಬೈಕೊಳ್ಳೂದು ಮುಗೀತೇನ್ರಿ? ಹೇಳಿದ್ದು ಭಾಳ ಚಲೋ ಆತು ಅಮ್ಮಾರ. ಇನ್ನ ಒಂದೂವರಿ ತಿಂಗಳು ಕೈ ತಲಿಗೆ ಮಾತ್ರ. ಆದರ ಅದರಿಂದನ ಬಂತು ಅಂತ ನಾ ಹೇಳಂಗಿಲ್ಲ, ಅಲ್ಲಂತನೂ ಹೇಳಂಗಿಲ್ಲ. ನಿನ್ನೆ ಕೊಟ್ಟ ಔಷಧ ನೀರಿನ ಹುಳದ ಮ್ಯಾಲೂ ಮೈಮ್ಯಾಲಿನ ಹುಳದ ಮ್ಯಾಲೂ ಕೆಲಸ ಮಾಡ್ತಾವ. ಹುಳದ ಹೆಸರು ನಾಳೆ ಬರತೈತಿ, ನೋಡೂಣು.”

ಮರುದಿನ ರಿಪೋರ್ಟ್ ಬಂತು. ಹುಳದ ಹೆಸರು ಉದ್ದವಾಗಿತ್ತು, ನಾಲಿಗೆ ಹೊರಳಲಿಲ್ಲ. ಅದು ಎಲ್ಲರ ಚರ್ಮದ ಮೇಲೆ, ರೆಪ್ಪೆಯ ಅಂಚಿನಲ್ಲಿ, ಹುಟ್ಟಿದಾಗಿನಿಂದಲೂ ಇರುವಂಥದ್ದಂತೆ. ಹೊರಗಿದ್ದಾಗ ಯಾರಿಗೂ ತೊಂದರೆ ಕೊಡುವುದಿಲ್ಲ. ನೀರಿನ ಜೊತೆ ಹೋಯಿತೋ, ರೆಪ್ಪೆಯಿಂದ ತಾನೇ ಜಾರಿತೋ, ಹೇಳಲು ಬರುವುದಿಲ್ಲ ಎಂದಳು. ವ್ಯಾಂಕೊಮೈಸಿನ್ನಿಗೆ ಜಗ್ಗುವ ಹುಳ ಎಂಬುದು ಮಾತ್ರ ಖಚಿತ. ಇದು ಎಷ್ಟನೆಯ ಕೃಪೆಯೋ, ಲೆಕ್ಕ ತಪ್ಪಿತ್ತು. ಐವತ್ತೆಂಟು ವರ್ಷ ನನ್ನ ಮೈಮೇಲೆ ನನಗೇ ಗೊತ್ತಿಲ್ಲದೆ ಒಂದು ಸಂಸಾರ ನಡೆದಿತ್ತು, ಮತ್ತು ಅಷ್ಟು ದಿನವೂ ಅದನ್ನು ಯಾವುದೋ ಒಂದು ಹೊಸ್ತಿಲಿನ ಆಚೆಗೇ ಯಾರೋ ತಡೆದು ನಿಲ್ಲಿಸಿದ್ದರು ಎಂಬುದನ್ನು ಯೋಚಿಸುತ್ತ ಅವತ್ತು ಊಟ ಮಾಡುವುದನ್ನೂ ಮರೆತೆ.

ನೋವು ಇಳಿದಿತ್ತು. ಕರಿ ಗುಡ್ಡೆಯ ಕೆಳಗಿನ ಬಿಳಿ ಗೆರೆ ಸಣ್ಣದಾಗಿತ್ತು. ಒಂದು ಮೊಳ ದೂರದಲ್ಲಿ ಬೆರಳು ಎಣಿಸಿದೆ. ಮೂರು. ಸರಿಯಾಗಿತ್ತು. ಆದರೂ ಒಳಗೆ ಮಸುಕು ಇನ್ನೂ ಇದೆ, ಇನ್ನೊಂದು ಇಂಜೆಕ್ಷನ್ ಕೊಡುತ್ತೇನೆ, ಇದಕ್ಕೂ ಬಗ್ಗದಿದ್ದರೆ ಆಪರೇಷನ್ ಎಂದಳು ಡಾಕ್ಟರ್.

ಮತ್ತೆ ಅದೇ ಮೇಜು. ಅದೇ ಹಸಿರು ಬಟ್ಟೆ. ಓಂ ನಮಃ ಶಿವಾಯ.

ಸೂಜಿ ಒತ್ತಿತು.

ಆಗ ಕಂಡಿತು.

ಬೂದುಬಣ್ಣದ ಬೆಳಕಿನೊಳಗೆ ಒಂದು ಹೊಗೆಯೆಳೆ. ಊದಿನಕಡ್ಡಿಯ ಹೊಗೆಯಂತೆ ಸುರುಳಿ ಸುತ್ತುತ್ತ ಮೇಲಕ್ಕೇರಿತು. ಒಡೆದು ಎರಡಾಯಿತು, ನಾಲ್ಕಾಯಿತು, ಮೆಲ್ಲಗೆ ಹರಡಿತು. ಕೆಳಗೆ ರಾಗಿ ಕಾಳಿನಂಥ ಕರಿ ಗುಂಡೊಂದು ಬಂದು ನಿಂತು ಅಲುಗಾಡಿತು. ನಾನು ಜಪ ನಿಲ್ಲಿಸಿದೆ.

“ಡಾಕ್ಟರ್, ಹೊಗಿ ಕಾಣಾಕತ್ತೈತ್ರಿ. ಮ್ಯಾಲೆ ಹೊಂಟೈತಿ.”

ಅವಳ ಕೈ ನಿಂತಿತು. “ಏನಂದ್ರಿ?”

“ಹೊಗಿ ರೀ. ಸುರುಳಿ ಸುರುಳಿ. ಕೆಳಗೊಂದು ಕರಿ ಗುಂಡು.”

“ಸಿಸ್ಟರ್, ಕೇಳಿದ್ರೇನ್ರಿ?” ಎಂದಳು. ಅವಳ ದನಿಯಲ್ಲಿ ನಗು ತುಂಬಿತ್ತು. “ಅದು ಹೊಗಿ ಅಲ್ರಿ ಅಮ್ಮಾರ, ಔಷಧ. ಅದು ಮ್ಯಾಲೆ ಹೊಂಟಿಲ್ಲ, ಕೆಳಗ ಇಳ್ಯಾಕತ್ತೈತಿ. ಕಣ್ಣೊಳಗ ಎಲ್ಲಾ ತಲಿಕೆಳಗಾಗಿ ಬೀಳತೈತಿ. ಆ ಗುಂಡು ಗಾಳಿ ಗುಳ್ಳಿ, ಅದು ಖರೆ ಅಂದ್ರ ಮ್ಯಾಲೆ ಐತಿ. ನೀವು ಅದನ್ನ ನೋಡಾಕತ್ತೀರಿ ಅಂದ್ರ ಒಳಗ ತಿಳಿ ಆಗೇತಿ. ಹಿಂದಿನ ಪರದೆ ಕೆಲಸ ಮಾಡಾಕತ್ತೈತಿ. ಮೊದಲನೇ ಸಲ ಕಂಡಿತ್ತೇನು?”

“ಇಲ್ರಿ.”

“ಹ್ಞಾಂ, ಮತ್ತ!”

ನಾನು ಬಾದಾಮಿಯ ಗುಹೆಗಳಲ್ಲಿ ಕಲ್ಲಿನ ದೇವರನ್ನು ನೋಡಿದ್ದೇನೆ, ಶಿವಯೋಗ ಮಂದಿರದಲ್ಲಿ ಕಣ್ಮುಚ್ಚಿ ಕೂತಿದ್ದೇನೆ. ಅಲ್ಲೆಲ್ಲ ಕೈ ಮುಗಿದಿದ್ದೇನೆ. ಆದರೆ ಆ ಮೇಜಿನ ಮೇಲೆ, ಕೈಗಳನ್ನು ಎತ್ತಲೂ ಆಗದೆ ಮಲಗಿ, ನನ್ನೊಳಗೆ ನನಗಾಗಿ ಇಳಿಯುತ್ತಿದ್ದ ಎರಡು ಹನಿಯನ್ನು ನೋಡಿದಾಗ ಆದದ್ದು ಬೇರೆ. ಚಿಟಿಕೆಗಿಂತ ಕಡಿಮೆ ಮದ್ದು. ಯಾರೋ ಎಲ್ಲೋ ಅದನ್ನು ಕಂಡುಹಿಡಿದರು, ಯಾರೋ ಅಳೆದರು, ಒಬ್ಬ ಹುಡುಗಿ ಓದಿ ಕಲಿತು ಕೈ ನಡುಗಿಸದೆ ಅದನ್ನು ಒಳಗಿಟ್ಟಳು. ಆಮೇಲೆ ಅದು ಯಾರ ಮಾತೂ ಕೇಳದೆ ತಾನೇ ದಾರಿ ಹುಡುಕಿಕೊಂಡು ಹೋಯಿತು. ಆ ಕಡೆಯ ಕೆಲಸ ಯಾರದು ಎಂದು ನನಗೆ ಅನುಮಾನವಿಲ್ಲ. ಈ ಕಡೆಯ ಕೆಲಸ ಯಾರದು ಎಂದೂ ಅನುಮಾನವಿಲ್ಲ. ಕಣ್ಣಿಂದ ನೀರು ಬಂತು. ಒರೆಸಬೇಡಿ ಎಂದು ಸಿಸ್ಟರಿಗೆ ನಾನೇ ಹೇಳಿದೆ. ಅವರು ಹತ್ತಿಯಿಂದ ಒರೆಸಿದರು.

ವಿಟ್ರೆಕ್ಟಮಿ ಬೇಕಾಗಲಿಲ್ಲ. ಒಂದು ವಾರಕ್ಕೆ ಮನೆಗೆ ಕಳಿಸಿದರು. ಹೊರಡುವಾಗ ಬೀಬಿಜಾನರ ಕೈ ಹಿಡಿದೆ. ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರೇ ಹೇಳಿದರು. “ನಿನಗ ಆತಲ್ಲ, ಸಾಕು. ಮುಂದ ಯಾರರ ಕಣ್ಣಿನ ಪೊರಿ ತಗಸಿದ್ರ ನನ್ನ ಹೆಸರು ಹೇಳಿ ಹೆದರಸವ್ವಾ.” ಅದಕ್ಕೇ ಇದನ್ನು ಬರೆದೆ ಎಂದರೂ ತಪ್ಪಿಲ್ಲ. ಆಪರೇಷನ್ ಆದ ಕಣ್ಣು ಚೆನ್ನಾಗಿ ಕಂಡು ಮತ್ತೆ ಮಸುಕಾದರೆ, ಇಳಿದ ನೋವು ಮತ್ತೆ ಏರಿದರೆ, ಮಗ್ಗದ ಮೇಲೆ ಏನೇ ಇರಲಿ, ಅದೇ ಗಳಿಗೆಗೆ ಎದ್ದು ಹೋಗಿ.

ಮನೆಯ ಪೂಜೆಗೆ ಬರುವ ನಮ್ಮ ಅಯ್ಯನವರಿಗೂ ತೀರ್ಥದ ವಿಷಯ ಹೇಳಿದೆ. ಅಪರಾಧವಾಯಿತೇ ಎಂದು ಕೇಳಿದೆ. “ತಲಿಗೆ ಮುಟ್ಟಿಸ್ಕೊಂಡ್ರ ಸಾಕಬೇ,” ಎಂದರು. “ಡಾಕ್ಟರ್ ಮಾತು ಮೀರು ಅಂತ ಶಿವ ಯಾವಾಗ ಹೇಳ್ಯಾನ?” ಈಗ ಪೂಜೆಗೆ ಕೂತಾಗ ಯಜಮಾನರು ಮಗ್ಗ ನಿಲ್ಲಿಸಿ ಬಾಗಿಲಲ್ಲಿ ನಿಂತು ನನ್ನ ಬಲಗೈಯನ್ನೇ ಕಾಯುತ್ತಾರೆ. ಪೊಲೀಸರ ಹಾಗೆ.

ಎರಡು ತಿಂಗಳ ಮೇಲೆ ತೋರಿಸಲು ಹೋದಾಗ ಡಾಕ್ಟರ್ ಗೋಡೆಯ ಚಾರ್ಟ್ ಓದಿಸಿದಳು. ಕೊನೆಯ ಎರಡು ಸಾಲು ಬರಲಿಲ್ಲ. ಸಣ್ಣದೊಂದು ಜೇಡನ ಕಾಲಿನಂಥ ಎಳೆ ಕಣ್ಣ ಮುಂದೆ ಈಜುತ್ತಿರುತ್ತದೆ. ಅದು ಹೋಗದೆಯೂ ಇರಬಹುದು ಎಂದಳು. ಇರಲಿ. ಆಮೇಲೆ ಬಲಗಣ್ಣಿಗೆ ಟಾರ್ಚ್ ಬಿಟ್ಟು ನೋಡಿ, “ಇದರಾಗೂ ಪೊರಿ ಬಲತೈತ್ರಿ. ಇದನ್ನೂ ತಗಸಬೇಕಾಗತೈತಿ,” ಎಂದಳು.

ಬಸ್ಸಿನಲ್ಲಿ ಇಳಕಲ್ ತಲುಪುವವರೆಗೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಅದಾಗಿ ಎಷ್ಟೋ ದಿನ ಎತ್ತಲಿಲ್ಲ.

ಮೊನ್ನೆ ಮಧ್ಯಾಹ್ನ ಯಜಮಾನರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಎರಡು ನೂಲಿನ ಉಂಡೆ ಹಿಡಿದು ತಿರುಗಿಸುತ್ತಿದ್ದರು. “ಇದರಾಗ ಕರೀದು ಯಾವುದು, ನೀಲಿ ಯಾವುದು? ನನಗಂತೂ ತಿಳೀವಲ್ದು,” ಎಂದರು. ನಾನು ಎಡಗಣ್ಣು ಮುಚ್ಚಿ ಬಲಗಣ್ಣಿಂದ ನೋಡಿದೆ. ಎರಡೂ ಕಪ್ಪು. ಬಲಗಣ್ಣು ಮುಚ್ಚಿದೆ. ಹೋಗೇಬಿಡುತ್ತಿದ್ದ ಆ ಎಡಗಣ್ಣಿಗೆ ನೀಲಿ ಕಂಡಿತು. ಈಜುವ ಎಳೆಯ ಹಿಂದೆ, ಸ್ವಚ್ಛವಾದ ಗಾಢ ನೀಲಿ. ಅವರ ಬಲಗೈಯ ಉಂಡೆಯನ್ನು ಮುಟ್ಟಿ ತೋರಿಸಿದೆ.

ಅವರು ಆ ಉಂಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಖರೆ ಐತಿ,” ಎಂದರು. ಮತ್ತೆ ನನ್ನ ಮುಖ ನೋಡಿದರು. ಬಲಗಣ್ಣಿನ ಮಾತು ಕೇಳಲು ಧೈರ್ಯ ಬರಲಿಲ್ಲವೇನೋ.

ನನಗೂ ಹೆದರಿಕೆ ಇತ್ತು. ಈಗಲೂ ಇದೆ.

“ಇನ್ನೊಂದನ್ನೂ ತಗಸೂಣ್ರಿ,” ಎಂದೆ.

ಅವರು ಉಂಡೆಗಳನ್ನು ಕೆಳಗಿಟ್ಟರು. ಕುಣಿಯಿಂದ ಮೇಲೆದ್ದು ಬಂದು ಗೂಟದ ಮೇಲಿದ್ದ ಅಂಗಿ ತೆಗೆದು ಒಂದು ತೋಳು ಹಾಕಿಯೇಬಿಟ್ಟಿದ್ದರು.

“ಇವತ್ತಲ್ರೀ!” ಎಂದೆ.